ಚಳಿಗಾಲದ ಮುಂಜಾನೆ, ಹಾಲಿನ ಕ್ಯಾನು ಮತ್ತು ನಿಮ್ಮ ಗಾಡಿ



ದೀಪಾವಳಿ ಕಳೆಯಿತು. ಮಳೆ ಹಿಂದೆ ಸರಿದು ಬೆಳಗಿನ ಇಬ್ಬನಿ ಶುರುವಾಗಿದೆ. ಈ ಹೊತ್ತಿಗೆ ಸಾಮಾನ್ಯವಾಗಿ ಕರುಗಳನ್ನು ಚಳಿಯಿಂದ ಕಾಪಾಡುವುದು, ಒಣಮೇವು ಕೂಡಿಡುವುದು, ಮೊಲೆತೊಟ್ಟು ಬಿರಿಯದಂತೆ ನೋಡಿಕೊಳ್ಳುವುದು ಇವುಗಳ ಬಗ್ಗೆ ನಾವು ಬರೆಯುತ್ತೇವೆ. ಈ ತಿಂಗಳ ಪಾಠ ಹಸುವಿನ ಬಗ್ಗೆ ಅಲ್ಲ, ಹಾಲು ಕರೆದು ಡೇರಿಗೆ ಮುಟ್ಟಿಸುವ ನಿಮ್ಮ ಬಗ್ಗೆ.

ಮೊದಲೆಲ್ಲ ಕ್ಯಾನನ್ನು ಸೊಂಟದ ಮೇಲೋ ತಲೆಯ ಮೇಲೋ ಇಟ್ಟುಕೊಂಡು ನಡೆದು ಬರುತ್ತಿದ್ದ ಅನೇಕರು ಈಗ ಸ್ಕೂಟಿ, ಎಕ್ಸ್‌ಎಲ್ ಮೊಪೆಡ್, ಬೈಕ್‌ಗಳಲ್ಲಿ ಬರುತ್ತಿದ್ದೀರಿ. ಕೆಲವರು ಯಜಮಾನರ ಅಥವಾ ಮಗನ ಹಿಂದೆ ಕುಳಿತು ಬರುತ್ತೀರಿ. ಇದು ಒಳ್ಳೆಯ ಬೆಳವಣಿಗೆಯೇ. ಆದರೆ ಬೇಸಿಗೆಯಲ್ಲಿ ಓಡಿಸಿದ ಹಾಗೆಯೇ ಚಳಿಗಾಲದಲ್ಲೂ ಓಡಿಸಲು ಆಗುವುದಿಲ್ಲ. ಕಾರ್ತಿಕದಿಂದ ಸಂಕ್ರಾಂತಿ ದಾಟುವವರೆಗೆ ಅದೇ ರಸ್ತೆ ಬೇರೆಯೇ ರಸ್ತೆಯಾಗಿರುತ್ತದೆ.

ಡೇರಿ ಗಡಿಯಾರ ಬದಲಾಗುವುದಿಲ್ಲ, ಸೂರ್ಯ ಬದಲಾಗುತ್ತಾನೆ

ಬೆಂಗಳೂರಿನ ಸುತ್ತಮುತ್ತ ಜೂನ್ ತಿಂಗಳಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6 ಗಂಟೆಗೂ ಸ್ವಲ್ಪ ಮೊದಲೇ. ಜನವರಿಯಲ್ಲಿ 6.45ರ ಹೊತ್ತಿಗೆ. ಹೆಚ್ಚೂಕಡಿಮೆ 50 ನಿಮಿಷದ ವ್ಯತ್ಯಾಸ. ಡೇರಿಯಲ್ಲಿ ಹಾಲು ಅಳೆಯುವ ಹೊತ್ತು ಮಾತ್ರ ಎರಡೂ ಕಾಲದಲ್ಲಿ ಒಂದೇ. ಜೂನ್‌ನಲ್ಲಿ ಆರು ಗಂಟೆಗೆ ಹೊರಟರೆ ದಾರಿ ಬೆಳ್ಳಗೆ ಕಾಣುತ್ತದೆ. ಜನವರಿಯಲ್ಲಿ ಅದೇ ಆರು ಗಂಟೆಗೆ ಕತ್ತಲು, ಮಂಜು, ಒದ್ದೆ ರಸ್ತೆ ಮೂರೂ ಒಟ್ಟಿಗೆ ಇರುತ್ತವೆ.

ಸಂಕ್ರಾಂತಿ ಬಂತು, ಇನ್ನು ಬೇಗ ಬೆಳಗಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ನಮ್ಮ ಕಡೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಯ ಭಾಗದಲ್ಲಿ. ಆದ್ದರಿಂದ ಎಚ್ಚರಿಕೆಯನ್ನು ಫೆಬ್ರವರಿ ಬರುವವರೆಗೂ ಬಿಡಬೇಡಿ.

ಬಿದ್ದರೆ ನಷ್ಟ ಎಷ್ಟು?

ಹಾಲು ಚೆಲ್ಲಿದರೆ ಒಂದು ಹೊತ್ತಿನ ಹಣ ಹೋಗುತ್ತದೆ. ಅದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಇದೆ.

ಗಾಡಿಯಿಂದ ಬೀಳುವಾಗ ಮನುಷ್ಯ ತನಗೆ ಗೊತ್ತಿಲ್ಲದೆಯೇ ಕೈ ಚಾಚಿ ನೆಲಕ್ಕೆ ಊರುತ್ತಾನೆ. ಹಾಗಾಗಿ ಇಂಥ ಬೀಳುವಿಕೆಯಲ್ಲಿ ಮಣಿಕಟ್ಟಿನ ಮೂಳೆ ಮುರಿಯುವುದು ಬಹಳ ಸಾಮಾನ್ಯ. ಹಿಟ್ಟಿನ ಕಟ್ಟು ಹಾಕಿದರೆ ಸುಮಾರು ಆರು ವಾರ. ಕಟ್ಟು ಬಿಚ್ಚಿದ ಮೇಲೂ ಮುಷ್ಟಿಗೆ ಬಲ ಬರಲು ಇನ್ನಷ್ಟು ವಾರ ಬೇಕು. ಇಡೀ ಮುಷ್ಟಿಯಿಂದ ಹಿಂಡಿ ಹಾಲು ಕರೆಯುವವರಿಗೆ ಇದರ ಅರ್ಥ ಏನೆಂದು ನಾನು ಹೇಳಬೇಕಾಗಿಲ್ಲ.

ಆಗ ಕೊಟ್ಟಿಗೆಯಲ್ಲಿ ಏನಾಗುತ್ತದೆ? ಮನೆಯ ಬೇರೆ ಯಾರೋ ಕರೆಯಲು ಕೂರುತ್ತಾರೆ. ಹೊಸ ಕೈಗೆ ಹಸು ಹೆದರುತ್ತದೆ, ಸರಿಯಾಗಿ ಸೊರೆ ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿಯುತ್ತದೆ. ಉಳಿದ ಹಾಲಿನಿಂದ ಇಳುವರಿ ಇಳಿಯುತ್ತದೆ, ಕೆಚ್ಚಲು ಬಾವಿನ ಅಪಾಯ ಹೆಚ್ಚುತ್ತದೆ. ಕೆಚ್ಚಲು ಬಾವಿನ ಚಿಕಿತ್ಸೆಗೆ ಹೋದ ಮನೆಗಳಲ್ಲಿ ‘ಯಾವಾಗಲೂ ಕರೆಯುವವರು ಯಾರು?’ ಎಂದು ನಾವು ಕೇಳುವುದು ಇದೇ ಕಾರಣಕ್ಕೆ. ಹಸುವಿಗೆ ನಿಮ್ಮ ಕೈ ಗೊತ್ತು. ಆ ಕೈಯನ್ನು ಕಾಪಾಡಿಕೊಳ್ಳುವುದೂ ಹೈನುಗಾರಿಕೆಯ ಭಾಗವೇ.

ಸಮಯ ಉಳಿಸಬೇಕಾದ್ದು ಕೊಟ್ಟಿಗೆಯಲ್ಲಿ, ರಸ್ತೆಯಲ್ಲಲ್ಲ

ಬಹುತೇಕ ಅವಘಡಗಳ ಹಿಂದೆ ಇರುವುದು ‘ಡೇರಿ ಮುಚ್ಚಿಬಿಡುತ್ತಾರೆ’ ಎಂಬ ಅವಸರ. ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಮನೆಯಿಂದ ಡೇರಿಗೆ 3 ಕಿಲೋಮೀಟರ್ ಎಂದಿಟ್ಟುಕೊಳ್ಳಿ.

- ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ: 6 ನಿಮಿಷ
- ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ: ನಾಲ್ಕೂವರೆ ನಿಮಿಷ
- ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ: ಸುಮಾರು ಮೂರೂವರೆ ನಿಮಿಷ

ಅಂದರೆ ಕತ್ತಲಲ್ಲಿ, ಒದ್ದೆ ರಸ್ತೆಯಲ್ಲಿ, ಕ್ಯಾನು ಹೊತ್ತು 50ರಲ್ಲಿ ಓಡಿಸಿದರೂ ಉಳಿಯುವುದು ಎರಡೂವರೆ ನಿಮಿಷ ಮಾತ್ರ. ಆದರೆ ಎದುರಿಗೆ ನಾಯಿಯೋ ಎಮ್ಮೆಯೋ ಕಂಡು ಬ್ರೇಕ್ ಹಿಡಿಯಬೇಕೆಂದು ತೋಚುವ ಒಂದು ಸೆಕೆಂಡಿನಲ್ಲೇ 30ರ ವೇಗದ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ, 50ರ ವೇಗದ ಗಾಡಿ ಸುಮಾರು 14 ಮೀಟರ್. ಬ್ರೇಕ್ ಹಿಡಿದು ನಿಲ್ಲುವ ದೂರ ಅದರ ಮೇಲೆ ಬೇರೆ.

ಕೊಟ್ಟಿಗೆಯಲ್ಲಾದರೆ ಹತ್ತು ಹದಿನೈದು ನಿಮಿಷ ಸುಲಭವಾಗಿ ಸಿಗುತ್ತದೆ. ಹಿಂದಿನ ಸಂಜೆಯೇ ಇಷ್ಟು ಮಾಡಿಡಿ:

1. ಕ್ಯಾನು, ಬಕೆಟ್ಟು, ಸೋಸುವ ಬಟ್ಟೆ ತೊಳೆದು ಬೋರಲು ಹಾಕಿಡಿ. ಬೆಳಿಗ್ಗೆ ಹುಡುಕಬಾರದು.
2. ಪಶು ಆಹಾರವನ್ನು ಅಳೆದು ಪುಟ್ಟಿಯಲ್ಲಿಡಿ. ಬೆಳಗಿನ ಮೇವನ್ನು ಕತ್ತರಿಸಿ ಗೋದಲಿಯ ಪಕ್ಕ ಇಡಿ.
3. ಗಾಡಿಗೆ ಪೆಟ್ರೋಲ್ ಇದೆಯೇ, ಮುಂದಿನ ದೀಪ, ಹಿಂದಿನ ಕೆಂಪು ದೀಪ ಹೊತ್ತುತ್ತವೆಯೇ ನೋಡಿ, ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ.
4. ಹೆಲ್ಮೆಟ್, ಕೈಗವಸು, ಪಾಸ್‌ಬುಕ್ಕು, ಬೀಗದ ಕೈ ಒಂದೇ ಮೊಳೆಗೆ ತೂಗುಹಾಕಿ.

ಬೆಳಿಗ್ಗೆ ಎಲ್ಲವೂ ಕೈಗೆ ಸಿಕ್ಕಮೇಲೆಯೇ ಕೆಚ್ಚಲು ತೊಳೆಯಿರಿ. ಕೆಚ್ಚಲು ಮುಟ್ಟಿದ ನಂತರ ಹಸು ಸೊರೆ ಬಿಟ್ಟಿರುವುದು ಐದರಿಂದ ಏಳು ನಿಮಿಷ ಮಾತ್ರ. ಆ ಹೊತ್ತಿನಲ್ಲಿ ಕ್ಯಾನು ಹುಡುಕಲು ಎದ್ದರೆ ಹಾಲೂ ಕಡಿಮೆ, ಹೊತ್ತೂ ನಷ್ಟ. ಕರೆಯುವ ಜಾಗದ ಸಗಣಿ ತೆಗೆದರೆ ಸಾಕು. ಇಡೀ ಕೊಟ್ಟಿಗೆ ಗುಡಿಸುವುದು, ಹಸುವಿನ ಮೈ ತೊಳೆಯುವುದು ಡೇರಿಯಿಂದ ಬಂದ ಮೇಲೆ ಇರಲಿ. ಚಳಿಯಲ್ಲಿ ನಸುಕಿಗೇ ಮೈ ತೊಳೆಯದಿರುವುದು ಹಸುವಿಗೂ ಹಿತ.

ಕರೆಯುವ ಹೊತ್ತನ್ನೇ 15 ನಿಮಿಷ ಹಿಂದಕ್ಕೆ ತರಬೇಕೆಂದಿದ್ದರೆ ಒಂದೇ ದಿನ ಬದಲಾಯಿಸಬೇಡಿ. ದಿನಕ್ಕೆ ಎರಡು ಮೂರು ನಿಮಿಷದಂತೆ ಒಂದು ವಾರದಲ್ಲಿ ಬದಲಾಯಿಸಿ. ಸಂಜೆಯ ಕರೆತವನ್ನೂ ಅಷ್ಟೇ ಹಿಂದಕ್ಕೆ ತನ್ನಿ. ಎರಡು ಹೊತ್ತಿನ ನಡುವಿನ ಅಂತರ ಹೆಚ್ಚುಕಡಿಮೆ ಸಮನಾಗಿರಬೇಕು.

ಇನ್ನೊಂದು ಮಾತು. ‘ತಡವಾದರೆ ಹಾಲು ಒಡೆಯುತ್ತದೆ’ ಎಂಬ ಹೆದರಿಕೆ ಬೇಸಿಗೆಯದು. ಆಗತಾನೇ ಕರೆದ ಹಾಲಿಗೆ ಸ್ವಲ್ಪ ಹೊತ್ತು ಸೂಕ್ಷ್ಮಾಣುಗಳನ್ನು ತಡೆಯುವ ಸಹಜ ಗುಣ ಇರುತ್ತದೆ. ಚಳಿಗಾಲದ ಮುಂಜಾನೆ ಹವೆಯೂ ತಂಪು. ತೊಳೆದ ಕ್ಯಾನಿನಲ್ಲಿರುವ ಶುದ್ಧ ಹಾಲು ದಾರಿಯಲ್ಲಿ ಹತ್ತು ನಿಮಿಷ ಹೆಚ್ಚಾದ ಮಾತ್ರಕ್ಕೆ ಕೆಡುವುದಿಲ್ಲ.

ಗಾಡಿಯ ತಯಾರಿ

- ಟಯರ್: ಚಳಿಗೆ ಟಯರಿನ ಗಾಳಿ ತಾನಾಗಿಯೇ ಇಳಿಯುತ್ತದೆ. ಹವೆಯ ಬಿಸಿ 5–6 ಡಿಗ್ರಿ ಕಡಿಮೆಯಾದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ, ಗಾಡಿ ಓಡಿ ಬಿಸಿಯಾಗುವ ಮೊದಲೇ ಗಾಳಿ ನೋಡಿಸಿ. ಸವೆದು ನುಣ್ಣಗಾದ ಟಯರ್ ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಇಬ್ಬನಿ ಬಿದ್ದ ರಸ್ತೆಯಲ್ಲಿ ನಡೆಯುವುದಿಲ್ಲ. ಬದಲಾಯಿಸುವುದಿದ್ದರೆ ಈಗಲೇ ಬದಲಾಯಿಸಿ.
- ದೀಪ: 2017ರ ಏಪ್ರಿಲ್ ನಂತರ ಬಂದ ಗಾಡಿಗಳಲ್ಲಿ ಎಂಜಿನ್ ಶುರುವಾದರೆ ಮುಂದಿನ ದೀಪ ತಾನೇ ಹೊತ್ತಿಕೊಳ್ಳುತ್ತದೆ. ಹಿಂದಿನ ದೀಪ ಕೆಟ್ಟಿದ್ದರೆ ಮಾತ್ರ ಓಡಿಸುವವರಿಗೆ ತಿಳಿಯುವುದಿಲ್ಲ. ಮನೆಯವರನ್ನು ಹಿಂದೆ ನಿಲ್ಲಿಸಿ ವಾರಕ್ಕೊಮ್ಮೆ ನೋಡಿಸಿ. ದೀಪದ ಗಾಜಿಗೆ ಹತ್ತಿದ ಕೆಸರು, ಸಗಣಿ ಒರೆಸಿ.
- ಬ್ರೇಕ್: ಒದ್ದೆ ರಸ್ತೆಯಲ್ಲಿ ಮುಂದಿನ, ಹಿಂದಿನ ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಹಿಡಿಯಬೇಕು. 2019ರ ಏಪ್ರಿಲ್ ನಂತರ ಮಾರಾಟವಾದ 125 ಸಿಸಿವರೆಗಿನ ಗಾಡಿಗಳಲ್ಲಿ ಒಂದನ್ನು ಹಿಡಿದರೆ ಎರಡೂ ಚಕ್ರಕ್ಕೆ ತಡೆ ಸಿಗುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಹಳೆಯ ಗಾಡಿಯಲ್ಲಿ ಅದು ಇರುವುದಿಲ್ಲ.
- ಸ್ಟಾರ್ಟ್ ಮಾಡುವಾಗ: ಚಳಿಗೆ ಬ್ಯಾಟರಿ ಸೋಮಾರಿ. ದಿನದ ಮೊದಲ ಬಾರಿಗೆ ಕಿಕ್ ಹೊಡೆದು ಶುರು ಮಾಡಿ. ಬಿಸಿಯಾಗಲೆಂದು ಗಾಡಿಯನ್ನು ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ನಡುಮನೆಯಲ್ಲಾಗಲಿ ಓಡುತ್ತಾ ಬಿಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುವ ವಿಷ. ಬಿಸಿ ಸೈಲೆನ್ಸರ್ ಇರುವ ಗಾಡಿಯನ್ನು ಹುಲ್ಲಿನ ಬಣವೆಯ ಪಕ್ಕ ನಿಲ್ಲಿಸಲೂಬೇಡಿ.

ಮೈ ಬೆಚ್ಚಗಿರಲಿ, ಕೈ ಒಣಗಿರಲಿ

ಎಚ್‌ಎಫ್ ಮಿಶ್ರತಳಿ ಹಸು 10 ಡಿಗ್ರಿ ಚಳಿಯಲ್ಲೂ ನೆಮ್ಮದಿಯಾಗಿ ಮೆಲುಕು ಹಾಕುತ್ತಿರುತ್ತದೆ. ನಾವು ಹಾಗಲ್ಲ. 10 ಡಿಗ್ರಿ ಇರುವಾಗ 40ರ ವೇಗದಲ್ಲಿ ಹೋದರೆ ಎದುರು ಗಾಳಿಗೆ ಬರಿಮೈಗೆ ಸುಮಾರು 6 ಡಿಗ್ರಿಯಂತೆ ಚಳಿ ತಟ್ಟುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಒದ್ದೆ ಕೈಗಂತೂ ಚಳಿ ಇನ್ನೂ ಬೇಗ ಹತ್ತುತ್ತದೆ. ಹುಟ್ಟಿದ ಕರುವಿನ ಮೈ ಒರೆಸಿ ಒಣಗಿಸಿ ಎಂದು ನಾವು ಹೇಳುವುದೂ ಇದಕ್ಕೇ.

- ಹಾಲು ಕರೆಯುವಾಗ ಮೊಲೆತೊಟ್ಟಿಗೆ ಎಣ್ಣೆ, ಬೆಣ್ಣೆ ಅಥವಾ ಮುಲಾಮು ಬಳಸಿದ ಕೈ ಹ್ಯಾಂಡಲ್ ಮೇಲೆ ಜಾರುತ್ತದೆ. ಹೊರಡುವ ಮೊದಲು ಸೋಪು ಹಚ್ಚಿ ತೊಳೆದು ಪೂರ್ತಿ ಒರೆಸಿಕೊಳ್ಳಿ.
- ಗಾಡಿಗೆಂದೇ ಒಂದು ಜೊತೆ ಒಣ ಕೈಗವಸು ಇರಲಿ. ನೆನೆದ ಕೈಗವಸು ಹಾಕುವುದಕ್ಕಿಂತ ಬರಿಗೈ ಮೇಲು.
- ಸ್ವೆಟರ್ ಬೆಚ್ಚಗಿಡುತ್ತದೆ, ಆದರೆ ಗಾಳಿ ತಡೆಯುವುದಿಲ್ಲ. ಅದರ ಮೇಲೆ ಮಳೆಗಾಲದ ಹಳೆಯ ರೇನ್‌ಕೋಟ್ ಹಾಕಿ ನೋಡಿ. ಹೊಸದೇನೂ ಕೊಳ್ಳಬೇಕಾಗಿಲ್ಲ.
- ಶಾಲು ಹೊದ್ದು ಗಾಡಿ ಓಡಿಸಬೇಡಿ, ಹಿಂದೆ ಕೂರಲೂಬೇಡಿ. ಸೆರಗು, ದುಪ್ಪಟ್ಟಾ ಸೊಂಟಕ್ಕೆ ಸಿಕ್ಕಿಸಿ ಮೇಲೆ ಅಂಗಿ ಹಾಕಿಕೊಳ್ಳಿ. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ಸೀರೆ ಗಾರ್ಡ್ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಕ್ಯಾನು ಕಟ್ಟಲು ಅಡ್ಡವೆಂದು ಅದನ್ನು ಬಿಚ್ಚಿಸಬೇಡಿ.
- ಹವಾಯಿ ಚಪ್ಪಲಿಗೆ ಸಗಣಿ ಮೆತ್ತಿದ್ದರೆ ಕಾಲು ಊರಿದ ಕಡೆ ಜಾರುತ್ತದೆ. ಹಿಡಿತವಿರುವ ಶೂ ಅಥವಾ ಪಟ್ಟಿ ಇರುವ ಚಪ್ಪಲಿ ಹಾಕಿ.
- ಐಎಸ್‌ಐ ಗುರುತಿರುವ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಿರಿ. ಒಳಗೆ ದಪ್ಪ ಉಲ್ಲನ್ ಟೋಪಿ ಬೇಡ. ಅದರಿಂದ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ತೆಳ್ಳನೆಯ ಹತ್ತಿ ಬಟ್ಟೆ ಸಾಕು. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾಗಿ 2016ರಿಂದ ಇದೆ. ‘ಊರೊಳಗೇ ತಾನೇ’ ಎನ್ನಬೇಡಿ. ನೆಲ ಊರಿನಲ್ಲೂ ಅಷ್ಟೇ ಗಟ್ಟಿ.

ಕ್ಯಾನು ಕಟ್ಟುವ ಕ್ರಮ

ಒಂದು ಲೀಟರ್ ಹಾಲು ಸುಮಾರು 1 ಕೆ.ಜಿ. 30 ಗ್ರಾಂ ತೂಗುತ್ತದೆ. 20 ಲೀಟರ್ ಎಂದರೆ ಕ್ಯಾನಿನ ತೂಕ ಬಿಟ್ಟು 20 ಕೆ.ಜಿ. ದಾಟಿತು. ಈ ಭಾರ ಸುಮ್ಮನೆ ಕೂತಿರುವುದಿಲ್ಲ. ಅರೆತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ, ನೀವು ಬ್ರೇಕ್ ಹಿಡಿದಾಗ ಮುಂದಕ್ಕೂ ತಿರುವಿನಲ್ಲಿ ಹೊರಕ್ಕೂ ಗಾಡಿಯನ್ನು ಎಳೆಯುತ್ತದೆ. ಜೊತೆಗೆ ಹೀಗೆ ಕುಲುಕಿದ ಹಾಲಿನಲ್ಲಿ ಕೊಬ್ಬು ಗಂಟುಕಟ್ಟಿ ಮುಚ್ಚಳಕ್ಕೆ ಅಂಟಿಕೊಳ್ಳುತ್ತದೆ. ಆಗ ಫ್ಯಾಟ್ ಪರೀಕ್ಷೆಗೆ ತೆಗೆದ ಹಾಲಿನಲ್ಲಿ ನಿಮ್ಮ ಹಸುವಿನ ನಿಜವಾದ ಫ್ಯಾಟ್ ಬರದೇ ಹೋಗಬಹುದು. ನಿಧಾನವಾಗಿ ಹೋದರೆ ಮೈಗೂ ಕ್ಷೇಮ, ಫ್ಯಾಟ್‌ಗೂ ಕ್ಷೇಮ.

- ಹಾಲಿಗೆ ತಕ್ಕ ಅಳತೆಯ ಕ್ಯಾನು ಬಳಸಿ. 8 ಲೀಟರ್ ಹಾಲಿಗೆ 20 ಲೀಟರ್ ಕ್ಯಾನು ಬೇಡ.
- ಹ್ಯಾಂಡಲ್‌ಗೆ ಕ್ಯಾನು ತೂಗುಹಾಕಲೇಬೇಡಿ. ತಿರುಗಿಸುವಾಗ ಹ್ಯಾಂಡಲ್ ಸಿಕ್ಕಿಕೊಳ್ಳುತ್ತದೆ.
- ಹಿಂದಿನ ಕ್ಯಾರಿಯರ್ ಮೇಲೆ ನಡುವೆ ಇಟ್ಟು, ಹಳೆಯ ಟ್ಯೂಬ್ ಪಟ್ಟಿಯಿಂದ ಎರಡು ಕಡೆ ಬಿಗಿಯಿರಿ. ಪಕ್ಕಕ್ಕೆ ಕಟ್ಟುವುದಾದರೆ ಎರಡೂ ಪಕ್ಕ ಸಮಭಾರ ಇರಲಿ.
- ಗಂಡಸರ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕುಳಿತು, ತೊಡೆಯ ಮೇಲೆ ಕ್ಯಾನು ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಅಪಾಯ. ಗಾಡಿ ಒಂದು ಗುಂಡಿಗೆ ಇಳಿದರೆ ಹಿಡಿದುಕೊಳ್ಳಲು ನಿಮಗೆ ಕೈಯೇ ಇರುವುದಿಲ್ಲ. ಕ್ಯಾನನ್ನು ಗಾಡಿಗೆ ಕಟ್ಟಿ, ನೀವು ಎರಡೂ ಕಡೆ ಕಾಲು ಹಾಕಿ ಕೂರಿ.
- ಕ್ಯಾನಿನ ಹಿಂಭಾಗಕ್ಕೆ ಅಂಗೈ ಅಗಲದ ಕೆಂಪು ಹೊಳೆಯುವ ಸ್ಟಿಕ್ಕರ್ ಅಂಟಿಸಿ. ಹಿಂದಿನಿಂದ ಬರುವ ಲಾರಿಯ ಬೆಳಕಿಗೆ ಅದು ದೂರದಿಂದಲೇ ಕಾಣುತ್ತದೆ. ಕ್ಯಾನಿನಿಂದ ಗಾಡಿಯ ಕೆಂಪು ದೀಪ ಮುಚ್ಚಿಹೋಗಿಲ್ಲ ತಾನೇ ಎಂದು ನೋಡಿ.
- ಬರುವಾಗ 50 ಕೆ.ಜಿ. ಪಶು ಆಹಾರದ ಮೂಟೆ ತರುವುದಿದ್ದರೆ ಬೆಳಕಾದ ಮೇಲೆ ತನ್ನಿ. ಮೂಟೆಯೂ ಹಿಂದೆ ಒಬ್ಬರೂ ಒಟ್ಟಿಗೆ ಬೇಡ.

ದಾರಿಯಲ್ಲಿ ಗಮನಿಸಬೇಕಾದ್ದು

*ಮಂಜು:* ದಟ್ಟ ಮಂಜಿನಲ್ಲಿ ದೀಪವನ್ನು ಡಿಮ್‌ನಲ್ಲೇ ಇಡಿ. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ. ಎಷ್ಟು ದೂರ ಕಾಣುತ್ತದೆಯೋ ಅದರ ಅರ್ಧದೊಳಗೆ ಗಾಡಿ ನಿಲ್ಲುವಷ್ಟೇ ವೇಗ ಇರಲಿ. ಮುಂದಿನ ಕರೆಂಟ್ ಕಂಬವೂ ಕಾಣದಿದ್ದರೆ ನಡಿಗೆಯ ವೇಗಕ್ಕೆ ಇಳಿಸಿ, ಅಥವಾ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿಕೊಳ್ಳಿ.

*ಇಬ್ಬನಿ:* ಮರದ ನೆರಳಿರುವ ಕಡೆ, ಕೆರೆ ಏರಿಯ ಮೇಲೆ, ಸೇತುವೆಯ ಮೇಲೆ ತೇವ ಬೇಗ ಆರುವುದಿಲ್ಲ. ಡಾಂಬರಿನ ಮೇಲೆ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಮಣ್ಣು ಇಬ್ಬನಿಗೆ ನೆನೆದು ಸಗಣಿಯಂತೆ ಜಾರುತ್ತದೆ. ಇಂಥ ಕಡೆ ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನ ನಡುವೆ ಬ್ರೇಕ್ ಹಿಡಿಯಬೇಡಿ.

*ನಿಂತ ವಾಹನ:* ಕಬ್ಬು ಅರೆಯುವ ಕಾಲವಿದು. ಹಿಂದೆ ದೀಪವೂ ಹೊಳೆಯುವ ಪಟ್ಟಿಯೂ ಇಲ್ಲದ ಕಬ್ಬಿನ ಟ್ರೇಲರ್‌ಗಳು ರಸ್ತೆ ಬದಿ ನಿಂತಿರುತ್ತವೆ. ಎಡ ಅಂಚಿಗೆ ಅಂಟಿಕೊಂಡು ವೇಗವಾಗಿ ಹೋಗುವವರು ನೇರವಾಗಿ ಅದರ ಹಿಂದಕ್ಕೇ ಹೋಗಿ ಸೇರುತ್ತಾರೆ.

*ಎಳೆ ಬಿಸಿಲು:* ಹೊತ್ತು ಹುಟ್ಟಿದ ಮೇಲೆ ಪೂರ್ವಕ್ಕೆ ಹೋಗುವ ದಾರಿಯಲ್ಲಿ ಬಿಸಿಲು ನೇರ ಕಣ್ಣಿಗೆ ಬೀಳುತ್ತದೆ. ಆವಿ ಹಿಡಿದ ಹೆಲ್ಮೆಟ್ ಗಾಜು ಸೇರಿದರೆ ಏನೂ ಕಾಣುವುದಿಲ್ಲ. ಗಾಜು ಒರೆಸಲು ಒಂದು ಒಣ ಬಟ್ಟೆ ಜೇಬಿನಲ್ಲಿರಲಿ.

ರಸ್ತೆಯ ಮೇಲಿನ ಕಣ

ಈ ವಿಷಯವನ್ನು ಬಿಡಿಸಿ ಹೇಳಲೇಬೇಕು. ರಾಗಿ, ಹುರುಳಿ ಕೊಯ್ಲು ಮುಗಿದರೆ ನಮ್ಮ ಹಳ್ಳಿಗಳಲ್ಲಿ ಡಾಂಬರು ರಸ್ತೆಯೇ ಕಣ. ಹರಡಿದ ಹುರುಳಿ ಬಳ್ಳಿ, ರಾಗಿ ಹುಲ್ಲು ಚಕ್ರಕ್ಕೂ ಚೇನಿಗೂ ಸುತ್ತಿಕೊಳ್ಳುತ್ತದೆ. ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುವುದೂ ಉಂಟು. ಹುಲ್ಲಿನ ಕೆಳಗಿನ ಕಾಳು ಗೋಲಿಯಂತೆ ಉರುಳಿ ಗಾಡಿ ಜಾರಿಸುತ್ತದೆ. ಇನ್ನೂ ಕೆಟ್ಟದ್ದೆಂದರೆ, ರಾಶಿಯ ಸುತ್ತ ಕಾವಲಿಗೆ ಇಟ್ಟ ದಪ್ಪ ಕಲ್ಲುಗಳನ್ನು ಸಂಜೆ ತೆಗೆಯದೆ ಹಾಗೇ ಬಿಡುವುದು. ಮರುದಿನ ನಸುಕಿನಲ್ಲಿ ಆ ಕಲ್ಲಿಗೆ ಮೊದಲು ಬಡಿಯುವ ಚಕ್ರ ಹಾಲು ತರುವವರದೇ.

ರಸ್ತೆಯಲ್ಲಿ ಒಕ್ಕಣೆ ಮಾಡುವವರೂ ನಾವೇ, ಅದರ ಮೇಲೆ ಜಾರಿ ಬೀಳುವವರೂ ನಾವೇ. ಸಾಧ್ಯವಾದಷ್ಟೂ ಹೊಲದಲ್ಲೇ ಕಣ ಮಾಡಿ, ಇಲ್ಲವೇ ಟಾರ್ಪಾಲು ಹಾಸಿ ಅಂಗಳದಲ್ಲಿ ಮಾಡಿ. ಕಲ್ಲು ಇಟ್ಟಿದ್ದರೆ ಅಂದು ಸಂಜೆಯೇ ಎತ್ತಿ. ಪಕ್ಕದ ಮನೆಯವರಿಗೂ ಹೇಳಿ. ಗಾಡಿಯಲ್ಲಿ ಬರುವಾಗ ಮುಂದೆ ಹುಲ್ಲು ಕಂಡರೆ ಅದರ ಮೇಲೆ ಬ್ರೇಕ್ ಹಿಡಿಯಬೇಡಿ. ಮೊದಲೇ ನಿಧಾನಿಸಿ, ನೇರವಾಗಿ ದಾಟಿ, ಆಚೆ ಬಂದ ಮೇಲೆ ಚಕ್ರಕ್ಕೆ ಸುತ್ತಿಕೊಂಡಿದ್ದರೆ ಎಂಜಿನ್ ನಿಲ್ಲಿಸಿ ಬಿಡಿಸಿ.

ಲೈಸೆನ್ಸ್ ಮತ್ತು ವಿಮೆ

ಅನೇಕ ಮನೆಗಳಲ್ಲಿ ಗಾಡಿ ಇರುವುದು ಯಜಮಾನರ ಹೆಸರಿನಲ್ಲಿ, ಓಡಿಸುವುದು ನೀವು. ಗಾಡಿಯ ವಿಮೆಯ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುವುದು ಗಾಡಿಯ ಮಾಲೀಕರಿಗೆ, ಅದೂ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಮಾತ್ರ. ಗಾಡಿ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಆ ರಕ್ಷಣೆ ನಿಮಗೆ ಸಿಗುವುದಿಲ್ಲ. ಆದ್ದರಿಂದ:

- ಲೈಸೆನ್ಸ್ ಇಲ್ಲದವರು ಮೊದಲು ಲೈಸೆನ್ಸ್ ಮಾಡಿಸಿ.
- ಹೊಸ ಗಾಡಿ ಕೊಳ್ಳುವಾಗ ಡೇರಿಗೆ ಓಡಿಸುವವರ ಹೆಸರಿನಲ್ಲೇ ಕೊಳ್ಳುವ ಬಗ್ಗೆ ಮನೆಯಲ್ಲಿ ಮಾತಾಡಿ.
- ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಎಲ್ಲರೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವಿಕಲತೆಯಾದರೆ 2 ಲಕ್ಷ ರೂಪಾಯಿ. ಹಾಲಿನ ಹಣ ಜಮೆಯಾಗುವ ಖಾತೆಯಲ್ಲಿ ಇದು ಇದೆಯೇ ಎಂದು ಈ ವಾರವೇ ಕೇಳಿ.
- ಹೈಸ್ಕೂಲು ಓದುವ ಮಕ್ಕಳ ಕೈಗೆ ಗಾಡಿ ಕೊಟ್ಟು ಹಾಲು ಕಳಿಸಬೇಡಿ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಗಾಡಿ ಓಡಿಸಿ ತಪ್ಪಾದರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ದಂಡಕ್ಕಿಂತ ಮಗುವಿನ ಜೀವ ದೊಡ್ಡದು.

ಅಕಸ್ಮಾತ್ ಬಿದ್ದರೆ

ಗಾಡಿ ಜಾರಿತು ಎನಿಸಿದಾಗ ಕ್ಯಾನು ಹಿಡಿಯಲು ಹೋಗಬೇಡಿ. ಹಾಲು ಹೋಗಲಿ. ಬಿದ್ದವರನ್ನು ಕಂಡರೆ ಹಿಂದಿನಿಂದ ಬರುವ ವಾಹನಗಳಿಗೆ ಮೊಬೈಲ್ ಟಾರ್ಚ್ ತೋರಿಸಿ ನಿಲ್ಲಿಸಿ. ಕತ್ತು, ಬೆನ್ನು ನೋವು ಎನ್ನುವವರನ್ನು ಎಳೆದು ಕೂರಿಸಬೇಡಿ. ರಕ್ತ ಬರುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಸಹಾಯ ಮಾಡಿದವರಿಗೆ ತೊಂದರೆಯಾಗದಂತೆ ಕಾನೂನಿನ ರಕ್ಷಣೆ ಇದೆ, ಹೆದರಬೇಡಿ. ಮಣಿಕಟ್ಟು ಊದಿಕೊಂಡರೆ ನೀವಿ, ಉಜ್ಜಿ, ಮರುದಿನ ಹಾಲು ಕರೆಯಲು ಕೂರಬೇಡಿ. ಎಕ್ಸ್‌ರೇ ತೆಗೆಸಿ.

ಪಶುವೈದ್ಯರಾದ ನಾವೂ ಇದೇ ರಸ್ತೆಯಲ್ಲಿ ರಾತ್ರಿ ಬೈಕಿನಲ್ಲಿ ಬರುವವರು. ಕರು ಹಾಕಲು ಕಷ್ಟ, ಹೊಟ್ಟೆಯುಬ್ಬರ ಎಂದು ಕರೆ ಮಾಡುವಾಗ ‘ಬೇಗ ಬನ್ನಿ’ ಎನ್ನುವುದರ ಜೊತೆಗೆ ದಾರಿಯಲ್ಲಿ ಎಲ್ಲಿ ಗುಂಡಿ ಇದೆ, ಎಲ್ಲಿ ಕಣ ಹಾಕಿದ್ದಾರೆ ಎಂದೂ ಹೇಳಿ, ಊರ ಬಾಗಿಲಲ್ಲಿ ಒಬ್ಬರನ್ನು ಟಾರ್ಚ್ ಹಿಡಿದು ನಿಲ್ಲಿಸಿ. ಪಶುಗಳ ತುರ್ತು ಚಿಕಿತ್ಸೆಗೆ 1962 ಸಂಖ್ಯೆಯೂ ಇದೆ.

ನಿಮ್ಮ ಸಂಘದಲ್ಲಿ ಚರ್ಚಿಸಿ

ಒಬ್ಬೊಬ್ಬರೇ ಮಾಡಲಾಗದ ಕೆಲವನ್ನು ಸಂಘ ಮಾಡಬಹುದು. ಮುಂದಿನ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಎತ್ತಿ:

1. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹಾಲು ತೆಗೆದುಕೊಳ್ಳುವ ಹೊತ್ತನ್ನು 15–20 ನಿಮಿಷ ಮುಂದಕ್ಕೆ ಹಾಕಬಹುದೇ? ಸಂಘದಲ್ಲೇ ಬಿಎಂಸಿ ಇದ್ದರೆ ಇದು ಸುಲಭ. ಇಲ್ಲದಿದ್ದರೆ ಹಾಲಿನ ವಾಹನ ಬರುವ ಹೊತ್ತನ್ನು ನೋಡಿಕೊಂಡು ಕಾರ್ಯದರ್ಶಿಯವರು ವಿಸ್ತರಣಾಧಿಕಾರಿಯವರ ಜೊತೆ ಮಾತಾಡಬೇಕಾಗುತ್ತದೆ.
2. ಅಕ್ಕಪಕ್ಕದ ಮೂರು ಮನೆಯವರು ಸರದಿಯಂತೆ ಹಾಲು ತರಬಹುದೇ? ಒಬ್ಬೊಬ್ಬರ ಹಾಲೂ ಅವರವರ ಕ್ಯಾನಿನಲ್ಲೇ, ಹೆಸರು ಬರೆದು ಬರಬೇಕು. ಹಾಲು ಬೆರೆಸಿದರೆ ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕ ತಪ್ಪುತ್ತದೆ.
3. ಹೊಳೆಯುವ ಸ್ಟಿಕ್ಕರ್ ಸುರುಳಿಯನ್ನು ಸಂಘದಿಂದಲೇ ತಂದು ಎಲ್ಲರ ಕ್ಯಾನಿಗೂ ಒಂದೇ ದಿನ ಅಂಟಿಸಬಹುದೇ?

ಇವುಗಳ ಜೊತೆಗೆ ನಾಳೆಯಿಂದಲೇ ಪ್ರತಿಯೊಬ್ಬರೂ ಮಾಡಬಹುದಾದ ಒಂದು ಕೆಲಸವಿದೆ. ಇಂದು ಸಂಜೆ ಹಾಲು ಕರೆದಾದ ಮೇಲೆ ಹತ್ತು ನಿಮಿಷ ಕೊಟ್ಟಿಗೆಯಲ್ಲೇ ಉಳಿದು ನಾಳೆ ಬೆಳಗಿನದನ್ನೆಲ್ಲ ಸಿದ್ಧಮಾಡಿಡಿ. ಆ ಹತ್ತು ನಿಮಿಷ ನಾಳೆ ಮಂಜಿನಲ್ಲಿ ನಿಮಗೆ ನಿಧಾನವಾಗಿ ಹೋಗಲು ಸಿಗುತ್ತದೆ. ಹಾಲು ಹಾಕಿ, ಚೀಟಿ ತೆಗೆದುಕೊಂಡು, ಹೋದ ಹಾಗೆಯೇ ಕ್ಷೇಮವಾಗಿ ಮನೆಗೆ ಬನ್ನಿ.